ಕೆವಿನ್‌ಗೆ ಏನೂ ಆಗಿಲ್ಲ

ಟ್ರೆವರ್ ಏಡಿ ಹಿಡಿಯಲು ಹೋದದ್ದೇ ಎಲ್ಲಕ್ಕೂ ಮೂಲ.

"ನಾಯಿಗೆ ಹುಷಾರಿಲ್ಲ, ಇವತ್ತು ಬರೋಕಾಗಲ್ಲ ಮಾರಾಯ" ಎಂದು ಬೆಳಿಗ್ಗೆ ಒಂಬತ್ತಕ್ಕೆ ಅವನ ಮೆಸೇಜು ಬಂತು. ಹತ್ತು ನಿಮಿಷದಲ್ಲಿ ಅದೇ ಟ್ರೆವರ್ ದೋಣಿಯಲ್ಲಿ ನಿಂತು ನೀಲಿ ಏಡಿ ಎತ್ತಿ ಹಿಡಿದ ಫೋಟೋ ಫೇಸ್‌ಬುಕ್ಕಿನಲ್ಲಿ ಬಂತು. ಪಕ್ಕದಲ್ಲಿ ನಾಯಿಯೂ ಇತ್ತು. ಅದು ಟ್ರೆವರ್‌ಗಿಂತ ಗಟ್ಟಿಮುಟ್ಟಾಗಿತ್ತು.

ಲೈಲ್ ಪ್ಯಾಸ್ಕೋ ತಲೆಯ ಮೇಲೆ ಕೈಹೊತ್ತು ಕೂತ. ಆಸ್ಟ್ರೇಲಿಯಾದ ಪೋರ್ಟ್ ಪಿರಿ ಎಂಬ ಊರಿನ ಕಾಲೇಜೊಂದರಲ್ಲಿ ಅವನು ಸಮಾಜ ಸೇವೆಯ ವಿದ್ಯಾರ್ಥಿಗಳಿಗೆ ಆಪ್ತಸಲಹೆ ಕಲಿಸುತ್ತಿದ್ದ. ಕಷ್ಟದಲ್ಲಿರುವವರನ್ನು ಹೇಗೆ ಮಾತಾಡಿಸಬೇಕು, ಅವರ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬ ಪಾಠ, ಅದೂ ಆನ್‌ಲೈನಿನಲ್ಲಿ. ಹನ್ನೊಂದು ವರ್ಷದಿಂದ ವರ್ಷವರ್ಷವೂ ಗುತ್ತಿಗೆ ನವೀಕರಿಸಿಕೊಂಡು ಬಂದ ಮನುಷ್ಯ. ಇವತ್ತು ಪರೀಕ್ಷೆ. ವಿಭಾಗದ ಮುಖ್ಯಸ್ಥೆ ಕೊರಿನ್ ತನ್ನ ಕ್ಯಾಮೆರಾ ಮುಚ್ಚಿಕೊಂಡು ನೋಡುವವಳಿದ್ದಳು. ಅವಳಿಗೆ ಮೆಚ್ಚುಗೆಯಾದರೆ ಲೈಲ್‌ನ ಕೆಲಸ ಕಾಯಂ. ಆಗದಿದ್ದರೆ ಹನ್ನೆರಡನೇ ವರ್ಷ ಇಲ್ಲ.

ಪರೀಕ್ಷೆಯಲ್ಲಿ ಒಬ್ಬರು ಕಷ್ಟದಲ್ಲಿರುವವನ ಪಾತ್ರ ಮಾಡಬೇಕು. ವಿದ್ಯಾರ್ಥಿ ಇಪ್ಪತ್ತು ನಿಮಿಷ ಅವನನ್ನು ಮಾತಾಡಿಸಬೇಕು. ಪಾತ್ರದ ಹೆಸರು ಕೆವಿನ್, ಕೆಲಸ ಕಳೆದುಕೊಂಡವನು. ಊರಿನ ನಾಟಕ ಮಂಡಳಿಯ ಟ್ರೆವರ್ ಆರು ವರ್ಷದಿಂದ ಕೆವಿನ್ ಆಗಿ ಕಣ್ಣೀರು ಹಾಕುತ್ತಿದ್ದ. ಈಗ ಬೇರೆ ದಾರಿಯಿಲ್ಲದೆ ಲೈಲ್ ತಾನೇ ಕೆವಿನ್ ಆಗಲು ನಿರ್ಧರಿಸಿದ.

ಕೇಳುವುದನ್ನು ಕಲಿಸುವ ಈ ಮಹಾನುಭಾವ ಜನ್ಮದಲ್ಲಿ ಯಾರ ಮಾತನ್ನೂ ಕೇಳಿದವನಲ್ಲ. ಹೆಂಡತಿ ಸ್ಯಾಂಡ್ರಾ ಎಂಟು ತಿಂಗಳು ಒಂದೇ ಸಮನೆ, "ವಾಷಿಂಗ್ ಮೆಷಿನ್ ಪೈಪು ಸೋರ್ತಿದೆ, ನೋಡಿಸು" ಎಂದಳು. ಇವನು ಫೋನಿನಿಂದ ತಲೆ ಎತ್ತದೆ, "ನಿನಗೆ ಬೇಜಾರಾಗಿದೆ ಅಂತ ನನಗೆ ಅರ್ಥ ಆಗ್ತಿದೆ" ಎನ್ನುತ್ತಿದ್ದ. ಅವಳು ಅಡಿಲೇಡಿಗೆ, ತಂಗಿಯ ಮನೆಗೆ ಹೋದಳು. ಪೈಪು ಮಾತ್ರ ಇವನ ಜೊತೆಯಲ್ಲೇ ಉಳಿಯಿತು. ಹೇಳೋದು ಆಚಾರ, ಮಾಡೋದು ಅನಾಚಾರ ಅಂತಾರಲ್ಲ, ಆ ಜಾತಿ.

ಹಾಗೆಂದು ಪಾಠದಲ್ಲಿ ಕಮ್ಮಿ ಇರಲಿಲ್ಲ. ನಿಯಮಗಳ ಮೇಲೆ ನಿಯಮ. ಪಾತ್ರ ಶುರುವಾದ ಮೇಲೆ ಗಂಟೆ ಬಾರಿಸುವ ತನಕ ನಿಲ್ಲಿಸುವಂತಿಲ್ಲ. ಎದುರಿನವರು ಹೇಳಿದ್ದನ್ನು ಅವರಿಗೇ ತಿರುಗಿ ಹೇಳಬೇಕು. ಎಲ್ಲಕ್ಕಿಂತ ಮೇಲೆ ಅವನ ಹೆಮ್ಮೆಯ 'ಮೂರು ಗುರುತಿನ ಪಟ್ಟಿ': ಕಿರುಚಾಟ, ವಸ್ತು ಎಸೆಯುವುದು, ತನಗೇನೂ ಆಗಿಲ್ಲ ಎನ್ನುವುದು. ಮೂರೂ ಕಂಡರೆ ಕಾಯಬಾರದು, ತಕ್ಷಣ ಕಾಲೇಜಿನ ಅಪಾಯ ವರದಿ ಕಳಿಸಬೇಕು. ಅಂಕದ ವಿಷಯದಲ್ಲೂ ಒಂದು ನಿಯಮ. ಪಾಸೋ ಫೇಲೋ ಒಮ್ಮೆ ಗುಂಡಿ ಒತ್ತಿದರೆ ದೇವರೂ ಬದಲಾಯಿಸುವಂತಿಲ್ಲ. ಫೇಲಾದವರು ಫೋನ್ ಮಾಡಿ ಅಳುತ್ತಾರೆ, ಕೇಳಲು ತನಗೆ ಪುರುಸೊತ್ತಿಲ್ಲ ಎಂದು ಲೈಲ್ ಹಟ ಹಿಡಿದು ಮಾಡಿಸಿದ್ದು.

ಮನೆಯಲ್ಲಿ ವೈಫೈ ಸರಿಯಾಗಿ ಸಿಗುತ್ತಿದ್ದದ್ದು ಬಟ್ಟೆ ಒಗೆಯುವ ಕೋಣೆಯಲ್ಲಿ ಮಾತ್ರ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಲೈಲ್ ಮೆಷಿನ್ನಿನ ಎದುರು ಸ್ಟೂಲು ಹಾಕಿ, ಲ್ಯಾಪ್‌ಟಾಪು ತೆರೆದು, ಕೂದಲು ಕೆದರಿಕೊಂಡು ಕೂತ. ಪರೀಕ್ಷೆಗೆ ಕೂತವಳು ರೆನಾಟಾ ಮುಸೊಲಿನೋ. ಇಪ್ಪತ್ತು ವರ್ಷ ಮೀನಿನ ಅಂಗಡಿ ನಡೆಸಿ, ಐವತ್ತರ ಹತ್ತಿರ ಓದಲು ಬಂದ ಹೆಂಗಸು. ಅವಳಿಗೆ ಈ ವಿದ್ಯೆ ಹತ್ತುವುದಿಲ್ಲವೆಂದು ಲೈಲ್ ಮೊದಲ ವಾರವೇ ತೀರ್ಮಾನಿಸಿಬಿಟ್ಟಿದ್ದ.

"ಬನ್ನಿ ಕೆವಿನ್. ಹೇಗಿದೀರಾ ಇವತ್ತು?"

"ಕೆಲಸ ಹೋಯ್ತು," ಎಂದು ಲೈಲ್ ಮೂಗೇರಿಸಿದ.

"ಕೆಲಸ ಹೋಯ್ತು ಅಂತಿದೀರಾ," ಎಂದಳು ರೆನಾಟಾ. ನಿಯಮದಂತೆ ಅವನ ಮಾತನ್ನೇ ತಿರುಗಿ ಹೇಳಿದ್ದಳು.

ಆಗ ಕಿಟಕಿಯಲ್ಲಿ ಪಕ್ಕದ ಮನೆಯ ಗ್ಲೆನಿಸ್ ಮುದುಕಿಯ ಮುಖ ಮೂಡಿತು. ಅವಳ ಮೆಷಿನ್ ಕೆಟ್ಟು ಮೂರು ವಾರವಾಗಿತ್ತು. ಬೆಳಗಾಗುವುದರೊಳಗೆ ಬಂದು ಇವನ ಮೆಷಿನ್ನಿಗೆ ಬಟ್ಟೆ ತುಂಬಿ ಹೋಗಿದ್ದಳು.

"ಲೈಲ್, ಮೆಷಿನ್ ನಿಂತ್ಹೋಗಿದೆಯಲ್ಲೋ ಮರಿ! ನನ್ನ ಟೇಬಲ್ ಬಟ್ಟೆ ಒಳಗಿದೆ!" ಎನ್ನುತ್ತಲೇ ಅವಳು ಕಿಟಕಿಯಿಂದ ಕೈ ತೂರಿಸಿ ಗುಂಡಿ ಒತ್ತಿದಳು. ಮೆಷಿನ್ ಗುಡುಗಿತು. ಇಷ್ಟು ತಿಂಗಳು ಕಾದಿದ್ದ ಪೈಪು ಕಿತ್ತುಕೊಂಡು ಬಂತು.

ನೀರು ಲೈಲ್‌ನ ಮುಖಕ್ಕೇ ರಾಚಿತು. ಅವನು ಲ್ಯಾಪ್‌ಟಾಪು ಎತ್ತಿಕೊಂಡು ಸ್ಟೂಲಿನ ಮೇಲೆ ಹತ್ತಿ ನಿಂತು, "ನಿಲ್ಸು! ನಿಲ್ಸೇ ಅದನ್ನ!" ಎಂದು ಚೀರಿದ.

ತೆರೆಯ ಮೇಲೆ ರೆನಾಟಾ ತಲೆ ತಗ್ಗಿಸಿ ಏನೋ ಗೀಚಿದ್ದು ಕಂಡಿತು. ಮೊದಲನೇ ಗುರುತು.

"ಕೆವಿನ್, ತುಂಬಾ ಕೋಪ ಬಂದಿದೆ ಅನ್ಸುತ್ತೆ. ಅವರು ಯಾರು ಅಂತ ಹೇಳ್ತೀರಾ?"

"ರೆನಾಟಾ, ಪಾತ್ರ ಬಿಟ್ಬಿಡಿ. ಇದು ನಾಟಕ ಅಲ್ಲ, ನಿಜ!"

"ನಾಟಕ ಅಲ್ಲ, ನಿಜ ಅಂತಿದೀರಾ," ಎಂದು ಅವಳ ದನಿ ಮೆತ್ತಗಾಯಿತು. "ಹೇಳಿದ್ದು ತುಂಬಾ ಒಳ್ಳೇದಾಯ್ತು."

"ಅಯ್ಯೋ, ನಾಟಕಾನೇ! ನಾನು ನಿಮ್ಮ ಮೇಷ್ಟ್ರು!"

"ಈಗ ನಾಟಕ ಅಂತಿದೀರಾ. ಅವಸರ ಇಲ್ಲ, ನಿಧಾನ ಮಾಡಿ."

ಗ್ಲೆನಿಸ್ ಅಷ್ಟರಲ್ಲಿ ಒಳಗೆ ಬಂದಿದ್ದಳು. ನೀರು ನಿಲ್ಲಿಸುವ ಬದಲು ಲ್ಯಾಪ್‌ಟಾಪಿನೊಳಗೆ ಇಣುಕಿದಳು. "ಯಾರಮ್ಮಾ ನೀನು, ಡಾಕ್ಟರಾ? ಒಳ್ಳೇ ಹೊತ್ತಿಗೆ ಸಿಕ್ಕಿದೆ. ಇವನ ಹೆಂಡ್ತಿ ಬಿಟ್ಟುಹೋಗಿ ಮೂರು ತಿಂಗಳಾಯ್ತು. ಡಬ್ಬೀಲಿ ಬರೋ ಬೀನ್ಸ್ ಕಾಳು ಬಿಸೀನೂ ಮಾಡದೆ ತಿಂತಾನೆ. ರಾತ್ರಿ ಒಬ್ಬನೇ ಮಾತಾಡ್ತಾನೆ."

"ಅದು ಪಾಠ ರೆಕಾರ್ಡ್ ಮಾಡೋದು!" ಎಂದು ಅಬ್ಬರಿಸಿ ಲೈಲ್ ಕೈಗೆ ಸಿಕ್ಕ ಕ್ಲಿಪ್ಪಿನ ಬುಟ್ಟಿಯನ್ನು ಮೆಷಿನ್ನಿಗೆ ಎಸೆದ. ಕ್ಲಿಪ್ಪುಗಳು ನೀರಿನ ಮೇಲೆ ತೇಲಾಡಿದವು. ಎರಡನೇ ಗುರುತು.

"ಕೆವಿನ್," ಎಂದಳು ರೆನಾಟಾ. ಮೀನು ತೂಗುವಾಗಲೂ ಅವಳು ಇಷ್ಟು ಎಚ್ಚರ ವಹಿಸಿರಲಾರಳು. "ನಿಮಗೇನಾಗಿದೆ?"

"ನನಗೇನೂ ಆಗಿಲ್ಲ!"

ಮೂರನೆಯದು. ರೆನಾಟಾ ವರದಿಯ ಗುಂಡಿ ಒತ್ತಿಯೇ ಬಿಟ್ಟಳು.

ಅವಳು ಒತ್ತಿದ್ದು ಕಂಡು ಲೈಲ್‌ಗೆ ಮೈಯೆಲ್ಲ ಉರಿಯಿತು. ಒದ್ದೆ ಬೆರಳಿನಿಂದ ಅಂಕದ ಪುಟ ತೆರೆದು, ಅವಳ ಹೆಸರಿನ ಮುಂದೆ 'ಫೇಲ್' ಒತ್ತಿ, 'ಎದುರಿನವರ ಮಾತನ್ನು ನಂಬುವುದಿಲ್ಲ' ಎಂದು ಷರಾ ಬರೆದ. ಅದೇ ಹೊತ್ತಿಗೆ ಇಪ್ಪತ್ತು ನಿಮಿಷದ ಗಂಟೆ ಹೊಡೆಯಿತು.

ಕೊರಿನ್‌ಳ ಕ್ಯಾಮೆರಾ ತೆರೆದುಕೊಂಡಿತು. ಲೈಲ್ ಕಣ್ಣು ಮುಚ್ಚಿದ. ಕೆಲಸ ಹೋಯಿತು ಎಂದುಕೊಂಡ.

"ಲೈಲ್!" ಕೊರಿನ್ ಕಣ್ಣೊರೆಸಿಕೊಳ್ಳುತ್ತಿದ್ದಳು. "ಎಂಥಾ ಅಭಿನಯ! ನೀರು, ಆ ಅಜ್ಜಿ, ಬುಟ್ಟಿ! ರೆನಾಟಾ ಅಂತೂ ಒಂದು ನಿಯಮಾನೂ ತಪ್ಪಲಿಲ್ಲ. ನಿನ್ನ ಕೆಲಸ ಕಾಯಂ ಮಾರಾಯ. ಪತ್ರ ಟೈಪಾಗಿದೆ."

ಲೈಲ್ ಸ್ಟೂಲಿನಿಂದ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಇಷ್ಟು ದಡ್ಡರು ಮೇಲಧಿಕಾರಿಗಳಾಗಿರುವುದು ಎಷ್ಟು ಒಳ್ಳೆಯದು ಎಂದು ಮನಸ್ಸಿನಲ್ಲೇ ಹಿಗ್ಗಿದ.

"ಒಂದೇ ಒಂದು ಸಣ್ಣ ವಿಷಯ," ಎಂದಳು ಕೊರಿನ್. "ರೆನಾಟಾ ಒತ್ತಿದ್ದು ನಿಜವಾದ ವರದಿ. ನೀನು ನಿನ್ನ ಲಾಗಿನ್‌ನಲ್ಲೇ ಕೂತಿದ್ದೆಯಲ್ಲ, ಹೆಸರಿನ ಜಾಗದಲ್ಲಿ ನಿನ್ನದೇ ಹೆಸರು ಬಂದಿದೆ. ಸಿಬ್ಬಂದಿಯ ಮೇಲೆ ವರದಿ ಬಂದರೆ, ಆಪ್ತಸಲಹೆಗಾರರು ಮಾತಾಡಿಸಿ 'ಸರಿಯಿದ್ದಾನೆ' ಅಂತ ಸಹಿ ಹಾಕೋವರೆಗೂ ಪಾಠ ಮಾಡೋ ಹಾಗಿಲ್ಲ, ಪತ್ರ ಕೊಡೋ ಹಾಗೂ ಇಲ್ಲ."

"ಅಷ್ಟೇ ತಾನೆ? ಈಗಲೇ ಕರೀರಿ ಅವರನ್ನ."

"ನಮ್ಮ ಹಳೇ ಸಲಹೆಗಾರ ನಿವೃತ್ತಿಯಾಗಿ ಕ್ವೀನ್ಸ್‌ಲ್ಯಾಂಡಿಗೆ ಹೋದ. ಬೇರೆ ಯಾರೂ ಈ ಊರಿಗೆ ಬರೋಕೆ ಒಪ್ತಿಲ್ಲ. ಆದರೆ ಯೋಚನೆ ಮಾಡ್ಬೇಡ, ಸೋಮವಾರದಿಂದ ಆ ಜಾಗಕ್ಕೆ ರೆನಾಟಾ ಬರ್ತಾಳೆ. ಇವತ್ತಿನ ಪರೀಕ್ಷೆ ಪಾಸಾದ್ರೆ ಸಾಕು. ಪಾಸಾಗದೆ ಏನು, ಇಂಥಾ ಕೆಲಸ ಮಾಡಿದವಳು!"

ಲೈಲ್ ತಾನು 'ಫೇಲ್' ಒತ್ತಿದ ಅಂಕದ ಪುಟದತ್ತ ನೋಡಿದ. ಸ್ಟೂಲಿನ ಕೆಳಗೆ ನೀರು ಇನ್ನೂ ಏರುತ್ತಿತ್ತು.

"ಅಂಕ... ಬದಲಾಯಿಸಬಹುದಾ?"

ಕೊರಿನ್ ತನ್ನ ತೆರೆಯಲ್ಲಿ ಅಂಕದ ಪುಟ ನೋಡಿದಳು. ರೆನಾಟಾಳ ಹೆಸರಿನ ಮುಂದೆ 'ಫೇಲ್' ಎಂದಿತ್ತು. "ಆಗಲ್ಲ. ನೀನೇ ಮಾಡಿಸಿದ ನಿಯಮ. ಅವಳು ಈ ಪಾಠಾನ ಇನ್ನೊಂದು ಸಲ ಮೊದಲಿಂದ ಓದ್ಬೇಕು."

"ಸರಿ, ಓದಲಿ. ಯಾರು ಕಲಿಸ್ತಾರೆ?"

"ಈ ಪಾಠಕ್ಕೆ ನೀನೊಬ್ಬನೇ ಅಲ್ವಾ ಮೇಷ್ಟ್ರು?"

"ಹಾಗಾದ್ರೆ ನಾನೇ ಕಲಿಸ್ತೀನಿ."

"ನೀನು ಪಾಠ ಮಾಡೋ ಹಾಗಿಲ್ಲ ಲೈಲ್. ಅವಳು ಸಹಿ ಹಾಕೋವರೆಗೂ."

ಗ್ಲೆನಿಸ್ ಮೆಷಿನ್ನಿನಿಂದ ತನ್ನ ಟೇಬಲ್ ಬಟ್ಟೆ ಎಳೆದು ಹಿಂಡುತ್ತಿದ್ದಳು. ಲೈಲ್‌ನ ಕೆಂಪು ಚಡ್ಡಿಯ ಬಣ್ಣ ಹತ್ತಿ ಅದು ಗುಲಾಬಿಯಾಗಿತ್ತು. "ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂದ ಹಾಗಾಯ್ತು," ಎಂದು ತನ್ನಷ್ಟಕ್ಕೆ ಗೊಣಗಿದಳು.

ರೆನಾಟಾ ಫೇಲಾದದ್ದಕ್ಕೆ ಅಳಲಿಲ್ಲ, ಬೈಯಲಿಲ್ಲ. ಕ್ಯಾಮೆರಾದ ಹತ್ತಿರಕ್ಕೆ ಬಾಗಿ, ಅವನೇ ಕಲಿಸಿದ ಆ ಮೆತ್ತನೆಯ ದನಿಯಲ್ಲಿ ಕೇಳಿದಳು.

"ಲೈಲ್, ನಿಮಗೇನಾಗಿದೆ?"

"ನನಗೇನೂ ಆಗಿಲ್ಲ," ಎಂದ ಲೈಲ್.

ಮೂವರು ಹೆಂಗಸರೂ ನಿಧಾನವಾಗಿ ತಲೆಯಾಡಿಸಿದರು. ಒಬ್ಬರೂ ನಂಬಲಿಲ್ಲ.