ಪೈಲಟ್‌ನ ತಲೆ, ಕಾಕುವಿನ ಬೇಳೆ

ಅದು ಸಾಮಾನ್ಯ ಮಂಗಳವಾರ. ನಾನು ಏಳನೆಯ ತರಗತಿಗೆ ಅನುಪಾತ ಹೇಳಿಕೊಡುತ್ತಿದ್ದೆ. ಪಕ್ಕದ ಕೋಣೆಯಲ್ಲಿ ನನ್ನ ಗಂಡ ವಿಜ್ಞಾನ ಹೇಳುತ್ತಿದ್ದರು. ಗೋಡೆಯಾಚೆ ಅವರ ದನಿ ನಿಂತಿತು. ಬೋರ್ಡಿನ ಮೇಲೆ ಬರೆಯುತ್ತಿರಬೇಕು ಅಂದುಕೊಂಡು ನಾನು ಲೆಕ್ಕ ಮುಂದುವರಿಸಿದೆ. ನಿಂತದ್ದು ಅವರ ಹೃದಯ.

ಇನ್ನು ನಮ್ಮ ಮನೆಯಲ್ಲಿ ನಗುವಂಥದ್ದು ಏನೂ ಆಗುವುದಿಲ್ಲ ಎಂದುಕೊಂಡಿದ್ದೆ. ಆಗುತ್ತಲೇ ಬಂತು.

ನಮ್ಮೂರು ಸೇಡಂನಲ್ಲಿ ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು. ಅದೇ ಶಾಲೆಗೆ ಸೇರಿದ ನಾನೂ ಹಾಗೇ ಕರೆದೆ. ಮದುವೆಯಾದ ಮೇಲೂ ಬದಲಾಗಲಿಲ್ಲ. ಸರ್ ಮೇಜಿನ ಮೇಲೆ ಬಿಟ್ಟುಹೋದದ್ದು ಒಂದು ಪ್ಲಾಸ್ಟಿಕ್ ವಿಮಾನ. ಎರಡು ಸೀಟಿನದು, ನಿಜವಾದದ್ದರ ನಲವತ್ತೆಂಟರಲ್ಲಿ ಒಂದು ಪಾಲು. ಅಂಟಿಸಿ ಬಣ್ಣ ಹಚ್ಚಿ ಆಗಿತ್ತು. ಸೀಟುಗಳು ಮಾತ್ರ ಖಾಲಿ.

"ಡಬ್ಬಿ ಜೋಡಿ ಬಂದ ಪೈಲಟ್ ಮಣ್ಣಿನ ಗೊಂಬಿ ಇದ್ದಂಗ ಅದಾನ. ಛಲೋವು ಬ್ಯಾರೆ ತರಸ್ತೀನಿ" ಎಂದಿದ್ದರು. ಸೀಟು, ಬೆಲ್ಟು, ಮನುಷ್ಯರು, ಇವನ್ನಷ್ಟೇ ಬೇರೆಯಾಗಿ ಮಾಡಿ ಮಾರುವವರಿದ್ದಾರೆ. ತರಿಸುವ ಮೊದಲೇ ಆ ಮಂಗಳವಾರ ಬಂತು. ವಿಮಾನ ಮುಗಿಸಿಯೇ ತೀರುವುದೆಂದು ನಾನು ಹೈದರಾಬಾದಿನ ಅಂಗಡಿಗೆ ಫೋನ್ ಮಾಡಿ ಇಬ್ಬರನ್ನು ತರಿಸಿದೆ.

ಪೈಲಟ್ ಬಂದಾರ್ರಿ

ಕೊರಿಯರ್‌ನವ ಓಣಿಯ ಆ ತುದಿಯಿಂದಲೇ ಕೂಗಿದ: "ಅಕ್ಕೋರ, ನಿಮ್ಮ ಪೈಲಟ್ ಬಂದಾರ್ರಿ! ಇಬ್ಬರು ಅದಾರ್ರಿ!" ಡಬ್ಬಿಯ ಮೇಲೆ ಹಾಗೇ ಬರೆದಿತ್ತು.

ಅಂಗಳದಲ್ಲಿ ತೊಗರಿಬೇಳೆ ಆರಿಸುತ್ತಿದ್ದ ಬಾಜು ಮನೆಯ ಕಾಕು ಮೊರದ ಸಮೇತ ಒಳಗೆ ಬಂದರು.

"ವಿಮಾನದವ್ರು ಅಂದ್ರ ದೊಡ್ಡ ಮಂದಿ. ಎಲ್ಲಿ ಕುಂದ್ರಿಸೀರಿ? ರೊಟ್ಟಿ ಎಷ್ಟು ಬಡೀಲಿ?"

ಅವರ ಮೊರದ ಮುಂದೆಯೇ ಕೂತು ಡಬ್ಬಿ ಬಿಚ್ಚಿದೆ. ಹೆಬ್ಬೆರಳಿನ ಗೆಣ್ಣಿಗಿಂತ ದೊಡ್ಡವರೇನಲ್ಲ. ಕಾಕು ಅಂಗೈ ಮೇಲಿಟ್ಟುಕೊಂಡು ಭಾಳ ಹೊತ್ತು ನೋಡಿದರು.

"ಇಬ್ಬರಿಗೂ ಸೇರಿ ಒಂದು ಜ್ವಾಳದ ಕಾಳು ಸಾಕಾತ್ರಿ" ಎಂದು ಮೊರ ಎತ್ತಿಕೊಂಡು ಹೋದರು.

ಸರ್ ನಹೀ ಹೈ

ಮರುದಿನ ಭೂತಗನ್ನಡಿ ಹಿಡಿದಾಗ ತಿಳಿಯಿತು, ತಲೆ ಅಂದುಕೊಂಡದ್ದು ಅಂಗಿಯ ಕಾಲರ್, ಇಬ್ಬರಿಗೂ ತಲೆ ಇಲ್ಲ. ಹಿಂದಿಯಲ್ಲಿ ತಲೆಗೂ ಸರ್ ಎನ್ನುತ್ತಾರೆ. ಅಂಗಡಿಯವನಿಗೆ ಫೋನ್ ಮಾಡಿದೆ.

"ಸರ್, ಸರ್ ನಹೀ ಹೈ." ಸರ್, ತಲೆ ಇಲ್ಲ ಎಂದು.

ನಾನೇ ಮಾತಾಡುತ್ತಿದ್ದೇನಲ್ಲ, ಹೇಳಿ ಎಂದ.

"ಆಪ್ ನಹೀ. ಇಧರ್ ಸರ್ ನಹೀ ಹೈ."

ಹಾಗಾದರೆ ಸರ್ ಮನೆಗೆ ಬಂದ ಮೇಲೆ ಅವರಿಂದಲೇ ಫೋನ್ ಮಾಡಿಸಿ ಎಂದ.

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಆಮೇಲೆ ತರಗತಿಯಲ್ಲಿ ಮಾತಾಡುವ ಹಾಗೆ ಗಟ್ಟಿಯಾಗಿ ಹೇಳಿದೆ: "ಗರ್ದನ್ ಕೇ ಊಪರ್ ಕುಛ್ ನಹೀ ಹೈ!" ಕುತ್ತಿಗೆಯ ಮೇಲೆ ಏನೂ ಇಲ್ಲ ಎಂದು.

ಆಚೆ ಕಡೆ ಡಬ್ಬಿಗಳನ್ನು ಸರಿಸುವ ಸದ್ದು. ಕೊನೆಗೆ, ತಲೆಗಳು ಬೇರೆ ಸಣ್ಣ ಪುಡಿಕೆಯಲ್ಲಿವೆ, ನೋಡಿ ಎಂದ. ಫೋನ್ ಇಡುವ ಮೊದಲು ಸೇರಿಸಿದ: "ಪೈಲಟ್ ಕಾ ಬೋಲೇ ಕ್ಯಾ ಅಮ್ಮಾ? ಮೈ ಸಮಝಾ ಮೇರಾ." ಪೈಲಟ್‌ನ ತಲೆಯ ಮಾತಾ, ನನ್ನದು ಅಂದುಕೊಂಡೆ ಎಂದು.

ಮೂಗಿರುವ ಬೇಳೆ

ಪುಡಿಕೆ ಡಬ್ಬಿಯಲ್ಲೇ ಇತ್ತು. ಮೂಲೆ ಹರಿದಿತ್ತು, ಒಳಗೆ ಏನೂ ಇರಲಿಲ್ಲ. ಬಿಚ್ಚಿದ್ದು ಕಾಕುವಿನ ಮೊರದ ಮುಂದೆ ಎಂಬುದು ನೆನಪಾಯಿತು. ತಲೆಗಳ ಬಣ್ಣವೂ ಹಳದಿ. ಓಡಿದೆ.

ಕಾಕು ಡಬ್ಬಿಯ ಬೇಳೆಯನ್ನೆಲ್ಲ ಚಾದರದ ಮೇಲೆ ಸುರಿದರು. ಅವರ ಗಂಡ ಕಾಕಾನೂ ಬಂದು ಕೂತರು. ನಾನು ಕನ್ನಡಕ ಒರೆಸಿ ಒರೆಸಿ ಹುಡುಕಿದೆ.

"ಅಕ್ಕೋರ! ಈ ಬ್ಯಾಳಿಗಿ ಮೂಗು ಅದ ನೋಡ್ರಿ!" ಎಂದು ಕಾಕು ಕೂಗಿದರು.

ಒಂದು ಸಿಕ್ಕಿತು. ಇನ್ನೊಂದು ಎಷ್ಟು ಹುಡುಕಿದರೂ ಇಲ್ಲ. ಕಾಕಾ ಮೆಲ್ಲಗೆ ಅಂದರು: "ನಿನ್ನಿ ಊಟದಾಗ ಒಂದು ಹರಳು ಕಡದೆ."

"ಉಗುಳಲಿಲ್ಲೇನ್ರಿ?" ಎಂದರು ಕಾಕು.

"ನಿನ್ನ ಬ್ಯಾಳ್ಯಾಗ ಹರಳು ಅದ ಅಂದ್ರ ಜಗಳ ತಗೀತಿ ಅಂತ ನುಂಗಿಬಿಟ್ಟೆ."

ಕಾಕು ನಗಲಿಲ್ಲ. "ಸರ್ ಅವರ ವಿಮಾನ ನಮ್ಮಿಂದ ಅರ್ಧಕ್ಕ ಉಳೀತಲ್ರಿ" ಎಂದು ಸೆರಗು ಕಣ್ಣಿಗೆ ಒತ್ತಿಕೊಂಡರು.

"ಉಳಿಯಂಗಿಲ್ಲ ಕಾಕು" ಎಂದೆ. ಮನುಷ್ಯನ ತಲೆ ಸುಮಾರು ಇಪ್ಪತ್ತನಾಲ್ಕು ಸೆಂಟಿಮೀಟರ್. ನಲವತ್ತೆಂಟರಿಂದ ಭಾಗಿಸಿದರೆ ಅರ್ಧ ಸೆಂಟಿಮೀಟರ್. "ಒಡೀಲಾರದ ಇಡೀ ತೊಗರಿ ಅದಾವೇನ್ರಿ?"

ಕಾಕು ಒಂದು ಹಿಡಿ ತಂದರು. ಅಳತೆಪಟ್ಟಿ ಇಟ್ಟು ಒಂದನ್ನು ಆರಿಸಿದೆ. ಅದನ್ನು ಕೈಯಿಂದ ಕಸಿದುಕೊಂಡು ಕಾಕು ಅಂದರು: "ಹಂಗೇ ಹಚ್ಚಬ್ಯಾಡ್ರಿ. ನಾಳಿ ಪೈಲಟ್‌ಗ ಹುಳ ಬಿದ್ದೀತು. ಹುರದು ಕೊಡ್ತೀನಿ."

ಹುರಿದ ಕಾಳು ಆರಿದ ಮೇಲೆ ಅದಕ್ಕೆ ಬಿಳಿ ಹೆಲ್ಮೆಟ್ ಬರೆದೆ, ಮುಖ ಬರೆದೆ, ಇಬ್ಬರನ್ನೂ ಅಂಟಿಸಿದೆ. ಮೂಗಿದ್ದವರು ಮುಂದಿನ ಸೀಟಿನಲ್ಲಿದ್ದಾರೆ.

ಹಿಂದಿನ ಸೀಟಿನ ತೊಗರಿ ಕಾಳಿಗೆ ಕನ್ನಡಕವಿದೆ.