ಲಗೂ ಮಡಚು

ಪುಕಟ ಸಿಗುವ ವಸ್ತುಗಳು ಲೋಕದಲ್ಲಿ ಎರಡೇ ಎಂಬುದು ನನ್ನ ಹೆಂಡತಿ ನಿರ್ಮಲಾಳ ದೃಢವಾದ ನಂಬಿಕೆ: ಒಂದು ಬಿಸಿಲು, ಇನ್ನೊಂದು ನಾನು. ಹಾವೇರಿಯಲ್ಲಿ ಬಿಸಿಲಿಗೆ ಕೊರತೆಯಿಲ್ಲ. ರವಿವಾರ ನನಗೆ ಆಫೀಸೂ ಇಲ್ಲ. ಹೀಗಾಗಿ ಶಿವರಾತ್ರಿ ಮುಗಿಯಿತೆಂದರೆ ಬಿಸಿಲನ್ನೂ ನನ್ನನ್ನೂ ಒಟ್ಟಿಗೆ ಮಾಳಿಗೆಯ ಮೇಲೆ ಸೇರಿಸಿ, ನಡುವೆ ಹದಿನೈದು ಕಿಲೋ ಬ್ಯಾಡಗಿ ಮೆಣಸಿನಕಾಯಿ ಹರವಿಬಿಡುತ್ತಾಳೆ. ಬಿಸಿಲು ಒಣಗಿಸಬೇಕು, ನಾನು ತೊಟ್ಟು ಮುರಿಯಬೇಕು. ವರ್ಷದ ಖಾರಪುಡಿ ಆಗಬೇಕಲ್ಲ.

ಆದರೆ ಈ ವಿಜಯಮಹಾಂತೇಶ ಬರೀ ತೊಟ್ಟು ಮುರಿಯಲು ಹುಟ್ಟಿದವನಲ್ಲ. ವಾರದ ಆರು ದಿನ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಹೋಗಿ ಗುಮಾಸ್ತಗಿರಿ ಮಾಡಿ ಬರುವುದು ನಿಜ. ಏಳನೆಯ ದಿನ ಮಾತ್ರ ನಾನು ಯೋಧ. ನನ್ನ ರಣರಂಗ ಮೊಬೈಲು, ನನ್ನ ಯುದ್ಧ ಪೋಕರ್. (ಮೂಗು ಮುರಿಯಬೇಡಿ, ನಾನು ಜೂಜುಕೋರನಲ್ಲ. ನಾನಾಡುವುದು ಪುಕಟ ಪಂದ್ಯ. ಒಂದು ಪೈಸೆ ಕಟ್ಟುವ ಹಾಗಿಲ್ಲ. ಸೇರಿದವರಿಗೆಲ್ಲ ಆಟದ ಬಿಲ್ಲೆಗಳನ್ನು ಪಂದ್ಯ ನಡೆಸುವವರೇ ಸಮನಾಗಿ ಹಂಚುತ್ತಾರೆ. ಬಿಲ್ಲೆ ಮುಗಿದವನು ಮನೆಗೆ. ಕೊನೆಗೆ ಉಳಿದ ಒಂಬತ್ತು ಜನಕ್ಕೆ ಬಹುಮಾನ: ಮೊದಲನೆಯವನಿಗೆ ಫ್ರಿಜ್, ಉಳಿದ ಎಂಟು ಜನಕ್ಕೆ ಮಿಕ್ಸರ್.)

ಆಟ ಸರಳ. ಪ್ರತಿಯೊಬ್ಬನಿಗೆ ಗುಟ್ಟಾಗಿ ಎರಡು ಎಲೆ, ನೆಲದ ಮೇಲೆ ಎಲ್ಲರಿಗೂ ಸೇರಿ ಐದು ಎಲೆ. ಎಲ್ಲ ಸೇರಿಸಿ ನೋಡಿದಾಗ ಒಂದೇ ಅಂಕಿಯ ಎರಡು ಎಲೆ ಇದ್ದವನಿಗಿಂತ ಮೂರು ಇದ್ದವನು ಮೇಲು. ನಿಮ್ಮ ಎಲೆ ಚೆನ್ನಾಗಿದ್ದರೆ ಬಿಲ್ಲೆ ಇಡಿ, ಇಲ್ಲದಿದ್ದರೆ ಎಲೆ ಮಡಚಿ ಸುಮ್ಮನೆ ಕೂಡಿ. ಈ ‘ಸುಮ್ಮನೆ ಕೂಡಿ’ ಎನ್ನುವುದರಲ್ಲೇ ಸಕಲ ರಹಸ್ಯವೂ ಇದೆ. ಪುಕಟ ಪಂದ್ಯಕ್ಕೆ ಬರುವ ಜನ ಮದುವೆಯ ಊಟಕ್ಕೆ ಬಂದವರಿದ್ದಂತೆ, ಎಲ್ಲವನ್ನೂ ಒಮ್ಮೆಗೇ ಬಡಿಸಿಕೊಳ್ಳುತ್ತಾರೆ. ಹೋದರೆ ನಮ್ಮಪ್ಪನದೇನು ಹೋಯಿತು ಎಂದು ಮೊದಲ ಎಲೆಗೇ ಇದ್ದಬದ್ದ ಬಿಲ್ಲೆಯನ್ನೆಲ್ಲ ಇಟ್ಟು ಸಾಯುತ್ತಾರೆ. ಜಾಣನಾದವನು ಮೊದಲ ತಾಸು ಕೈಕಟ್ಟಿ ಕೂಡಬೇಕು. ರೊಕ್ಕ ಕಟ್ಟದಿದ್ದರೂ ವೇಳೆ ಕಟ್ಟಿದ್ದೇನೆಂದು ನೆನಪಿಟ್ಟುಕೊಂಡು ಆಡಬೇಕು. ಸೋತ ಸಿಟ್ಟನ್ನು ಮುಂದಿನ ಎಲೆಯ ಮೇಲೆ ತೀರಿಸಿಕೊಳ್ಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕೈಯಲ್ಲಿ ಏನೂ ಇಲ್ಲದೆ ಇದ್ದಂತೆ ತೋರಿಸಿ ಹೆದರಿಸಲು ಹೋಗಬಾರದು. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದವರು ಹೆದರುವುದಿಲ್ಲ. ನಾಲ್ಕು ತಿಂಗಳು ಬಸ್ಸಿನ ಕಿಟಕಿ ಪಕ್ಕ ಕುಳಿತು ನಾನು ಕಂಡುಕೊಂಡ ಈ ಸತ್ಯಗಳಿಗೆ ‘ವಿಜಯಸೂತ್ರ’ ಎಂದು ನಾನೇ ಹೆಸರಿಟ್ಟಿದ್ದೆ.

ಹೆಸರಿನ ವಿಷಯದಲ್ಲಿ ಒಂದು ಸಣ್ಣ ತೊಡಕಿತ್ತು. ಆ ಆಟದಲ್ಲಿ ಆಟಗಾರನ ಹೆಸರಿಗೆ ಇಂಗ್ಲಿಷಿನ ಎಂಟೇ ಅಕ್ಷರಗಳ ಜಾಗ. ವಿಜಯಮಹಾಂತೇಶ ಎಂಬ ನನ್ನ ಭವ್ಯವಾದ ಹೆಸರು ‘ವಿಜಯಮ’ ಎಂಬಲ್ಲಿಗೆ ಉಸಿರುಗಟ್ಟಿ ನಿಂತಿತು. ಎದುರಾಳಿಗಳೆಲ್ಲ ಅದನ್ನು ವಿಜಯಮ್ಮ ಎಂದೇ ಓದಿಕೊಂಡು, ‘ಆಂಟಿ, ಅಡುಗೆ ಆಯಿತಾ’ ಎಂದು ಕೇಳುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ. ಈ ಸಂಗತಿಯನ್ನು ಮನೆಯಲ್ಲಿ ಹೇಳಲೂ ಇಲ್ಲ.

“ಅಲ್ರಿ, ನಾಕ ತಿಂಗಳಾತು ಆ ಫೋನಿನಾಗ ಮಾರಿ ಇಟ್ಟು. ಗೆದ್ದದ್ದೇನು?” ಎಂದು ಒಂದು ದಿನ ನಿರ್ಮಲಾ ಕೇಳಿದಳು.

“ಅನುಭವ,” ಎಂದೆ.

“ಅದನ್ನ ಗಿರಣಿಗೆ ಹಾಕಿಸಿದ್ರ ಖಾರಪುಡಿ ಬರ್ತೈತೇನು?”

“ನಿನಗ ಆಟ ತಿಳಿಯಂಗಿಲ್ಲ. ಎಲಿ ಬರೋಬ್ಬರಿ ಇಲ್ಲಂದ್ರ ಮಡಚಬೇಕು. ಮಡಚೂದರಾಗ ಎಲ್ಲಾ ಐತಿ.”

“ಮಡಚೂ ಹೌಸು ಅಷ್ಟಿದ್ರ, ಒಗದ ಅರಿವಿ ಕಾಟಿನ ಮ್ಯಾಲ ಬಿದ್ದಾವ. ಮಡಚ್ರಿ.”

ನಾನು ಸಿಟ್ಟಿಗೇಳಲಿಲ್ಲ (ವಿಜಯಸೂತ್ರ). ಅರಿವೆ ಮಡಚುತ್ತಲೇ ಪಣ ಕಟ್ಟಿದೆ. ಬರುವ ರವಿವಾರದ ಪಂದ್ಯದಲ್ಲಿ ಬಹುಮಾನ ಬಂದರೆ ಮುಂದಿನ ರವಿವಾರಗಳೆಲ್ಲ ನನ್ನವು. ಮೆಣಸಿನಕಾಯಿ, ಸಂಡಿಗೆ, ಶಾವಿಗೆ ಯಾವುದಕ್ಕೂ ನನ್ನನ್ನು ಕರೆಯುವಂತಿಲ್ಲ. ಬಾರದಿದ್ದರೆ ರವಿವಾರಗಳೆಲ್ಲ ಅವಳವು, ಆಟವೂ ಬಂದ್.

“ಆತು,” ಎಂದಳು ನಿರ್ಮಲಾ. “ಆದ್ರ ನೀವಽ ಆಡಿ ನೀವಽ ಗೆಲ್ಲಬೇಕು. ನಿಮ್ಮ ಆಫೀಸಿನ ನಾಸೀರಣ್ಣನ ಕೈಲೆ ಆಡಿಸಿದ್ರ ನಡಿಯಂಗಿಲ್ಲ.”

“ನಾಸೀರ ನನ್ನ ಶಿಷ್ಯ,” ಎಂದು ನಾನು ಗಂಭೀರವಾಗಿ ಹೇಳಿ ಕರಾರಿಗೆ ಒಪ್ಪಿದೆ.

ಆ ರವಿವಾರ ಮೆಣಸಿನಕಾಯಿ ಕೆಲಸಕ್ಕೆ ಕೈಜೋಡಿಸಲು ದೇವರಗುಡ್ಡದಿಂದ ನಮ್ಮ ಮಾವ ಹಾಲಸಿದ್ದಪ್ಪನವರೂ ಬಂದಿದ್ದರು. ಅವರು ನಲವತ್ತು ವರ್ಷ ಹಾವೇರಿಯ ದನದ ಸಂತೆಯಲ್ಲಿ ಎತ್ತಿನ ದಲಾಲಿ ಮಾಡಿದವರು. ಆ ವ್ಯಾಪಾರ ಬಾಯಿಂದ ನಡೆಯುವುದಿಲ್ಲ. ಮಾರುವವನ ಕೈ, ಕೊಳ್ಳುವವನ ಕೈ ಎರಡೂ ಒಂದು ಟವೆಲ್ಲಿನ ಕೆಳಗೆ ಹೋಗುತ್ತವೆ. ಬೆರಳು ಹಿಡಿದು, ಒತ್ತಿ, ಬಿಟ್ಟು ದರ ತಿಳಿಸುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಹೀಗಾಗಿ ಮಾವನವರ ಮುಖದಲ್ಲಿ ಏನನ್ನೂ ಓದಲಾಗುವುದಿಲ್ಲ. ನಮ್ಮ ಮದುವೆಯ ಫೋಟೋದಲ್ಲಿ ಅವರು ನನ್ನನ್ನು ಅಳಿಯನನ್ನಾಗಿ ಪಡೆದು ಸಂತೋಷಪಟ್ಟಿದ್ದಾರೋ, ಇಲ್ಲವೋ ಎಂಬುದು ನನಗೆ ಇಂದಿಗೂ ಗೊತ್ತಾಗಿಲ್ಲ.

ಬೆಳಿಗ್ಗೆ ಹತ್ತಕ್ಕೆ ಮಾಳಿಗೆಯ ಮೇಲೆ ನೀರಿನ ಟಾಕಿಯ ನೆರಳಿನಲ್ಲಿ ನಾನೂ ಮಾವನವರೂ ಕುಳಿತೆವು. ಎದುರಿಗೆ ತಾಡಪತ್ರಿ, ಅದರ ತುಂಬ ಕೆಂಪಗೆ ಮೆಣಸಿನಕಾಯಿ, ಅಂಚಿನಲ್ಲಿ ನನ್ನ ಫೋನು. ಉರಿಯಬಾರದೆಂದು ಕೈಗೆ ಶೇಂಗಾ ಎಣ್ಣೆ ಸವರಿಕೊಂಡಿದ್ದೆ. ಮೂರು ಸಾವಿರದ ಎಂಟುನೂರು ಜನ ಸೇರಿದ್ದ ಪಂದ್ಯ ಶುರುವಾಯಿತು. ನಾನು ಎಲೆ ಮಡಚುತ್ತ, ತೊಟ್ಟು ಮುರಿಯುತ್ತ, ಮಾವನವರಿಗೆ ವಿಜಯಸೂತ್ರವನ್ನು ಒಂದೊಂದಾಗಿ ಬೋಧಿಸಿದೆ. ಅವರು ಕಣ್ಣು ಅರೆಮುಚ್ಚಿ ಕುಳಿತಿದ್ದರು. ನಿದ್ದೆ ಹತ್ತಿದೆ ಎಂದುಕೊಂಡೆ.

ಹನ್ನೊಂದಕ್ಕೆ ಮೂರು ಸಾವಿರ ಮಂದಿ ತಮ್ಮ ತಮ್ಮ ಮನೆಗೆ ಹೋಗಿದ್ದರು. ನಾನಿದ್ದೆ. ಹನ್ನೆರಡಕ್ಕೆ ತೊಂಬತ್ತು ಜನ ಉಳಿದರು. ನಾನಿದ್ದೆ. ಹನ್ನೆರಡೂವರೆ ದಾಟುವಷ್ಟರಲ್ಲಿ ಹತ್ತೇ ಜನ. ನಾನು ಆಗಲೂ ಇದ್ದೆ. ಇನ್ನೊಬ್ಬ ಹೋದರೆ ಉಳಿದ ಒಂಬತ್ತು ಜನಕ್ಕೆ ಬಹುಮಾನ ಗ್ಯಾರಂಟಿ. ಮಡಚಿದವನೂ ಸುತ್ತಿಗಿಷ್ಟೆಂದು ಬಿಲ್ಲೆ ಕೊಡಬೇಕಾದ್ದರಿಂದ ನನ್ನವು ಕರಗಿ ಇನ್ನು ಮೂರು ಸುತ್ತು ಸಾಲುವಷ್ಟೇ ಉಳಿದಿದ್ದವು ಎಂಬುದು ಬೇರೆ ಮಾತು. ನನಗಿಂತ ಬಡವ ಇನ್ನೊಬ್ಬನಿದ್ದ, ‘ಹುಲಿ ಚನ್ನೇಶ’ ಎಂದು ಅವನ ಹೆಸರು. ಆ ಹುಲಿ ಸಾಯುವವರೆಗೆ ನಾನು ಮಡಚುತ್ತ ಕುಳಿತರೆ ಸಾಕಿತ್ತು.

ಅಷ್ಟರಲ್ಲಿ ನಿರ್ಮಲಾ ಮಜ್ಜಿಗೆ ತಂದಳು.

“ಎಷ್ಟ ಮಂದಿ ಉಳದೀರಿ?”

“ಹತ್ತು.”

ಆಕೆ ಸ್ವಲ್ಪ ಯೋಚಿಸಿದಳು. “ಒಂದ ಮಾತು ಹೇಳ್ತೀನಿ ಕೇಳ್ರಿ. ಈಗ ಬಿಟ್ಟು ಎರಡೂ ಕೈಲೆ ತೊಟ್ಟು ಮುರೀರಿ. ತಿಂಗಳಿಗೆ ಎರಡು ರವಿವಾರ ನಿಮಗ ಬಿಟ್ಟುಕೊಡ್ತೀನಿ.”

ಓದುಗರೇ, ಎಂಥ ಒಳ್ಳೆಯ ಒಪ್ಪಂದ ಅದು. ಕೈಮುಗಿದು ತೆಗೆದುಕೊಳ್ಳಬೇಕಿತ್ತು. ಆದರೆ ಗೆಲುವಿನ ವಾಸನೆ ಮೂಗಿಗೆ ಬಡಿದಿತ್ತು. ನನ್ನ ಸೂತ್ರವನ್ನು ನಾನೇ ಮುರಿದು, ಕೈಯಲ್ಲಿ ಏನೂ ಇಲ್ಲದೆ ಹೆದರಿಸಲು ಹೋದೆ.

“ಎರಡು ರವಿವಾರ ಯಾರಿಗೆ ಬೇಕು? ನನ್ನ ಹತ್ರ ಬಿಲ್ಲೆ ರಾಶಿ ಬಿದ್ದಾವ. ನೀ ಹೋಗಿ ಫ್ರಿಜ್ ಎಲ್ಲಿ ಇಡೂದಂತ ಜಾಗಾ ನೋಡು.”

ನಿರ್ಮಲಾ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. “ಕಿವಿ ಯಾಕ ತಿಕ್ಕೊಳ್ಳಾಕತ್ತೀರಿ?” ಎಂದಷ್ಟೇ ಕೇಳಿ, ಒಪ್ಪಂದವನ್ನೂ ಖಾಲಿ ಲೋಟವನ್ನೂ ತೆಗೆದುಕೊಂಡು ಮೆಟ್ಟಿಲಿಳಿದಳು.

ಮಾವನವರು ಕಣ್ಣು ತೆರೆಯದೆ ಹೇಳಿದರು, “ಅಳಿಯಾರ, ಆಕಿ ಸಣ್ಣಾಕಿ ಇದ್ದಾಗ ಸಂತ್ಯಾಗ ನನ್ನ ಬಾಜೂಕ ಕುಂದ್ರತಿದ್ಲು. ಕೊಳ್ಳಾವ ಖರೇ ಹೇಳ್ತಾನೋ, ಸುಳ್ಳ ಹೇಳ್ತಾನೋ, ನನಗಿಂತ ಮೊದಲ ಆಕಿಗೆ ಗೊತ್ತಾಕ್ಕಿತ್ತು.”

ಈ ಮಾಹಿತಿಯನ್ನು ಹನ್ನೊಂದು ವರ್ಷದ ಸಂಸಾರದಲ್ಲಿ ಯಾರೂ ನನಗೆ ಕೊಟ್ಟಿರಲಿಲ್ಲ. ಹಣೆಯಲ್ಲಿ ಬೆವರು ಒಡೆಯಿತು. ಫೋನು ನೋಡಿದರೆ ಹೊಸ ಎಲೆಗಳು ಬಂದಿದ್ದವು: ಒಂದು ಏಳು, ಒಂದು ಎರಡು. ಇಡೀ ಆಟದಲ್ಲಿ ಅದಕ್ಕಿಂತ ದರಿದ್ರ ಜೋಡಿ ಇನ್ನೊಂದಿಲ್ಲ. ಹುಲಿ ಚನ್ನೇಶ ಆಗಲೇ ತನ್ನ ಬಿಲ್ಲೆಗಳನ್ನೆಲ್ಲ ಇಟ್ಟುಬಿಟ್ಟಿದ್ದ. ನಾನು ಮಡಚಿದರಾಯಿತು, ಅವನನ್ನು ಬೇರೆ ಯಾರಾದರೂ ನೋಡಿಕೊಳ್ಳುತ್ತಾರೆ. ಬೆರಳು ಚಾಚುವ ಮೊದಲು ಬೆವರೆಂದು ಕಣ್ಣೊರೆಸಿಕೊಂಡೆ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರು ಯಾರೂ ಅದನ್ನು ಕಣ್ಣಿಗೆ ಹಚ್ಚಿಕೊಂಡು ನೋಡಿಲ್ಲ. ಒಂದು ಕಣ್ಣು ಹೋಯಿತೆಂದು ಇನ್ನೊಂದನ್ನೂ ಒರೆಸಿಕೊಂಡೆ, ಅದೂ ಹೋಯಿತು. ಸಮಯ ಮುಗಿದರೆ ಆಟವೇ ನನ್ನ ಎಲೆಗಳನ್ನು ಮಡಚುತ್ತದೆ, ನಾನು ಏನೂ ಮಾಡಬೇಕಿರಲಿಲ್ಲ. ಆದರೆ ಕಣ್ಣಲ್ಲಿ ಖಾರ ಬಿದ್ದವನಿಗೆ ಶಾಸ್ತ್ರ ನೆನಪಿಗೆ ಬರುವುದಿಲ್ಲ.

“ನಿರ್ಮಲಾ, ಲಗೂ ಬಾ. ಲಗೂ ಮಡಚು,” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

ಮೆಣಸಿನಕಾಯಿ ಒಣಗಿಸುವ ಕಾಲದಲ್ಲಿ ನಮ್ಮ ಕಡೆಯ ಮಾಳಿಗೆಯ ಮೇಲಿಂದ ಯಾರಾದರೂ ‘ಲಗೂ ಮಡಚು’ ಎಂದು ಕೂಗಿದರೆ ಅದಕ್ಕೆ ಒಂದೇ ಅರ್ಥ: ಮಳೆ ಬಂತು, ಬೇಗ ತಾಡಪತ್ರಿ ಮಡಚು. ನಿರ್ಮಲಾ ಎರಡೆರಡು ಮೆಟ್ಟಿಲು ಹಾರಿ ಬಂದಳು. ಅಪ್ಪ ಒಂದು ಅಂಚು, ಮಗಳು ಒಂದು ಅಂಚು ಹಿಡಿದು, ಮೇಲೆ ಮೋಡವಿದೆಯೋ ಇಲ್ಲವೋ ಎಂದು ಸಹ ನೋಡದೆ, ಕ್ಷಣದಲ್ಲಿ ತಾಡಪತ್ರಿಯನ್ನು ನಾಲ್ಕು ಮಡಿಕೆ ಮಾಡಿಬಿಟ್ಟರು. ಪಕ್ಕದ ಎರಡು ಮಾಳಿಗೆಗಳ ಮೇಲೂ ಜನ ಓಡಿ ಬಂದು ತಮ್ಮ ತಮ್ಮದು ಮಡಚಿದ ಸದ್ದು ಕೇಳಿಸಿತು.

“ಫೋನು,” ಎಂದು ಅಳುತ್ತ ಕೂಗಿದೆ. “ಫೋನು ಒಳಗೈತಿ.”

ಮುಂದಿನದನ್ನು ನಾನು ಕಾಣಲಿಲ್ಲ, ನಿರ್ಮಲಾ ಹೇಳಿದ್ದು. ಮಾವನವರು ತಾಡಪತ್ರಿಯ ಮಡಿಕೆಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಮುಖವನ್ನು ಆಕಾಶದ ಕಡೆ ಮಾಡಿ, ದನದ ಸಂತೆಯಲ್ಲಿ ಕೂಡುತ್ತಿದ್ದಂತೆಯೇ ಕುಳಿತರಂತೆ. ಬೆರಳು ಒಳಗೆ ತಡಕಿತು, ಹಿಡಿಯಿತು, ಒತ್ತಿತು. ಮೆಣಸಿನಕಾಯಿಯ ಗರ್ಭದಿಂದ ಒಂದು ಹೆಣ್ಣುದನಿ ಸ್ಪಷ್ಟವಾಗಿ ‘ಆಲ್ ಇನ್’ ಎಂದಿತು. ಅಂದರೆ, ನನ್ನ ಬಿಲ್ಲೆಗಳೆಲ್ಲ ಆ ದರಿದ್ರ ಏಳು-ಎರಡರ ಮೇಲೆ.

ಮಾವನವರು ಫೋನನ್ನು ಹೊರಗೆಳೆದು ಮಗಳ ಕೈಗಿಟ್ಟರಂತೆ. “ಏನಾತು? ಓದ, ನಿರ್ಮಲಾ.”

“ಚನ್ನೇಶ ಅನ್ನಾವನ ಕೈಯಾಗ ಎರಡು ರಾಜಾ ಅದಾವ. ನೆಲದ ಮ್ಯಾಲ ಒಂದು ಏಳು ಬಿತ್ತು. ಈಗ ಇನ್ನೊಂದು ಏಳು ಬಿತ್ತು.”

“ಯಾರು ಗೆದ್ರು?”

“ಯಾರೋ ವಿಜಯಮ್ಮ ಅಂತ, ಆಕಿ ಗೆದ್ಲು.”

“ಆಕಿ ನಾನಽ,” ಎಂದೆ.

ನಿರ್ಮಲಾ ಫೋನನ್ನು ಅಪ್ಪನ ಕೈಗೆ ಕೊಟ್ಟು ತಾಡಪತ್ರಿಯನ್ನು ಮತ್ತೆ ಹರವಿದಳು.

ಹುಲಿ ಸತ್ತಿತು, ಒಂಬತ್ತು ಜನ ಉಳಿದೆವು, ಬಹುಮಾನ ಖಾತ್ರಿಯಾಯಿತು. ನಾನು ನಲ್ಲಿಯ ಕೆಳಗೆ ತಲೆಯೊಡ್ಡಿ ಅರ್ಧ ತಾಸು ಕಣ್ಣು ತೊಳೆದುಕೊಂಡೆ. ಅಲ್ಲಿಯವರೆಗೆ ಮಾವನವರು, “ನಾ ನೋಡ್ಕೋತೀನಿ ಹೋಗ್ರಿ,” ಎಂದು ಫೋನು ಹಿಡಿದು ಕುಳಿತರು. ನಾನು ಬೋಧಿಸಿದ್ದರಲ್ಲಿ ಒಂದಕ್ಷರವನ್ನೂ ಅವರು ಮರೆತಿರಲಿಲ್ಲ. ಮಡಚಿದರು, ಕಾದರು, ಮತ್ತೆ ಮಡಚಿದರು, ಸಮಯ ನೋಡಿ ಒತ್ತಿದರು. ನಾನು ಕೆಂಗಣ್ಣು ಬಿಟ್ಟು ಬರುವಷ್ಟರಲ್ಲಿ ಇಬ್ಬರೇ ಉಳಿದಿದ್ದರು. ಆಗ ಕೆಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ಮಾವನವರು, “ಊಟದ ಹೊತ್ತಾತು,” ಎಂದು ಬಿಲ್ಲೆಗಳನ್ನೆಲ್ಲ ಒಮ್ಮೆಗೇ ಇಟ್ಟು, ಸೋತು, ಎರಡನೆಯ ಸ್ಥಾನ ಪಡೆದು, ಅದೇ ಮುಖದಲ್ಲಿ ಊಟಕ್ಕೆ ಎದ್ದರು.

ಊಟದ ತಟ್ಟೆಯ ಮುಂದೆ ನಾನು ಎದೆಯುಬ್ಬಿಸಿ ಹೇಳಿದೆ, “ಬಹುಮಾನ ಬಂತು. ಇನ್ನ ರವಿವಾರೆಲ್ಲಾ ನನ್ನವು.”

“ನೀವಽ ಆಡಿ ನೀವಽ ಗೆಲ್ಲಬೇಕಂತ ಕರಾರಿತ್ತು. ಒತ್ತಿದ್ದು ಅಪ್ಪ. ಕಡೀತನಕ ಆಡಿದ್ದೂ ಅಪ್ಪ.”

“ಆದ್ರ ಆಟ ನನ್ನ ಹೆಸರಿನಾಗ ನಡದೈತಿ.”

“ಹೆಸರು ವಿಜಯಮ್ಮಂದು,” ಎಂದು ನಿರ್ಮಲಾ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. “ನಿಮ್ಮದೆಲ್ಲೈತಿ?”

ನಾನು ಮಾವನವರ ಕಡೆ ನೋಡಿದೆ. ಅವರು ಪುಂಡಿಪಲ್ಯ ಹಚ್ಚಿಕೊಂಡು ಉಣ್ಣುತ್ತಿದ್ದರು. ಮುಖದಲ್ಲಿ ಏನೂ ಇರಲಿಲ್ಲ.

ಹದಿನೈದು ದಿನಕ್ಕೆ ಮಿಕ್ಸರ್ ಬಂತು. ಡಬ್ಬದ ಮೇಲೆ ‘ಶ್ರೀಮತಿ ವಿಜಯಮ’ ಎಂದಿತ್ತು. ಸಹಿ ಮಾಡಿ ತೆಗೆದುಕೊಂಡವಳು ನಿರ್ಮಲಾ. ಮಾವನವರು ಇನ್ನೂ ದೇವರಗುಡ್ಡಕ್ಕೆ ಹೋಗಿಲ್ಲ. ರವಿವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಟಾಕಿಯ ನೆರಳಿನಲ್ಲಿ, ಹೆಗಲ ಮೇಲಿನ ಟವೆಲ್ಲನ್ನು ಫೋನಿನ ಮೇಲೆ ಹೊದಿಸಿ, ಅದರ ಕೆಳಗೆ ಬೆರಳಾಡಿಸುತ್ತಾರೆ. ಬಿಸಿಲಿಗೆ ಸರಿಯಾಗಿ ಕಾಣುವುದಿಲ್ಲವೆಂದು ಹಾಗೆ ಹೊದಿಸುವುದಂತೆ. ಎದುರಿಗೆ ನಾನು ತೊಟ್ಟು ಮುರಿಯುತ್ತೇನೆ. ಫ್ರಿಜ್ ಬಂದೇ ಬರುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಸೂತ್ರ ನನ್ನದಲ್ಲವೇ.

ಮೊನ್ನೆ ರವಿವಾರ ಖರೇನೇ ಮೋಡ ಕಟ್ಟಿತು. ಮಾವನವರು ಟವೆಲ್ಲಿನ ಕೆಳಗಿಂದ ಕೈ ತೆಗೆಯದೆ, ಆಕಾಶ ನೋಡಿ, ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದರು:

“ವಿಜಯಮ್ಮಾರ, ಮಳಿ ಬಂತು. ಲಗೂ ಮಡಚ್ರಿ.”

ನಾನು ಮಡಚಿದೆ.