ಕೆಟ್ಟ ಮಶಿನ್ನಿಗೊಂದು ಕೂಪನ್

ನಮ್ಮ ಕಾಕಾನಿಗೆ ಬಹುಮಾನ ಕೊಟ್ಟರೆ ಮೊದಲು ಕಣ್ಣೀರಿಡುವುದು ಆ ಬಹುಮಾನ! ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ನಮ್ಮಪ್ಪನ ಈ ತಮ್ಮ ತುರ್ಭೆಯ ಒಂದು ಮಸಾಲೆ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ಹತ್ತು ವರ್ಷ ತುಂಬಿತೆಂದು ಕಂಪನಿ ಆತನಿಗೊಂದು ಗೋಡೆ ಗಡಿಯಾರ ಕೊಟ್ಟಿತು. ತುರ್ಭೆಯಲ್ಲಿ ಲೋಕಲ್ ರೈಲುಗಾಡಿ ಹತ್ತುವಾಗ ಅದು ಗಡಿಯಾರವಾಗಿಯೇ ಇತ್ತು. ಠಾಣೆಯಲ್ಲಿ ಗಾಡಿ ಬದಲಿಸಿ ವಿಠ್ಠಲವಾಡಿಯಲ್ಲಿ ಇಳಿಯುವ ಹೊತ್ತಿಗೆ ಊಟದ ಡಬ್ಬಿಯೊಳಗೆ ಬಿಡಿಬಿಡಿಯಾಗಿ ಮಲಗಿತ್ತು.

"ಚಲೋ ಇದ್ದದ್ದನ್ನ ಯಾಕ ಬಿಚ್ಚಿದಿ ಕಾಕಾ?"

"ಒಳಗ ಟಿಕ್ ಟಿಕ್ ಅನ್ನಾಕತ್ತಿತ್ತವಾ. ಏನ್ ಹೇಳತೈತೋ ಕೇಳಬೇಕಲ್ಲ?"

ಕೇಳಿದ. ಮತ್ತೆ ಜೋಡಿಸಿದ. ಹನ್ನೆರಡು ನಿಮಿಷ ಮುಂದಿಟ್ಟು ಗೋಡೆಗೆ ಹಾಕಿದ. "ಲೋಕಲ್ ಹಿಡಿಯೋರ ಮನ್ಯಾಗಿನ ಗಡಿಯಾರ ಖರೇ ಹೇಳಬಾರ್ದು" ಎಂಬುದು ಆತನ ಸಿದ್ಧಾಂತ.

ಹೊಗಳಿಕೆಯಂತೂ ಆತನ ಮೈಗೆ ಒಗ್ಗುತ್ತಲೇ ಇರಲಿಲ್ಲ. ಒಮ್ಮೆ ಮ್ಯಾನೇಜರು ಎಲ್ಲರೆದುರು ಬೆನ್ನು ತಟ್ಟಿ "ಶಾಬಾಸ್" ಎಂದರು. ಮರುದಿನ ಕಾಕಾ ರಜೆ! ಜ್ವರವೇ? ಎಂಥ ಜ್ವರ! ಚಾಳಿನ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ.

"ಬೆನ್ನ ಚಪ್ಪರಿಸಿದ್ರಂದ್ರ ಏನೋ ಹೇರವ್ರದಾರ ಅಂತ ತಿಳಕೋ. ಎತ್ತಿಗೂ ನಾವು ಹಂಗ ಮಾಡ್ತಿದ್ವಿ."

ವಾರದೊಳಗೆ ಎರಡನೇ ಪಾಳಿಯ ಜವಾಬ್ದಾರಿಯೂ ಆತನ ಹೆಗಲೇರಿತು. ಎತ್ತುಗಳಿಗೆ ಮ್ಯಾನೇಜ್‌ಮೆಂಟ್ ಗೊತ್ತಿಲ್ಲ ಎಂದವರಾರು?

ಇಂಥವನ ಮೇಲೆ ಅಧಿಕಾರಿಯಾಗಿ ಬಂದವಳು ನಾನು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ: ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಹಗಲು ಉಲ್ಹಾಸನಗರದ ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆದು, ಬೆಳಿಗ್ಗೆ ಏಳರ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದೆ. ಅದರ ಮೇಲೊಂದು ಡಿಪ್ಲೊಮಾ. ಆಮೇಲೆ ಆ ಕಾರ್ಖಾನೆಯಲ್ಲೇ ಎಚ್.ಆರ್. ಆಫೀಸರ್ ಕೆಲಸ ಸಿಕ್ಕಿತು, ಆರು ತಿಂಗಳ ಪ್ರೊಬೇಷನ್ ಎಂಬ ಪರೀಕ್ಷೆಯ ಮೇಲೆ. ಗೇಟಿನ ಹೊರಗೆ ನಾನು ಕಾಕಾನಿಗೆ "ಏ ಹುಡುಗಿ". ಗೇಟಿನ ಒಳಗೆ "ಮೇಡಂ ರೀ". ಸೆಕ್ಯೂರಿಟಿಯ ಕುರ್ಚಿ ದಾಟಿದ ಕೂಡಲೇ ನನ್ನ ಗೌರವ ಏರುತ್ತಿತ್ತು, ಸಂಜೆ ಅದೇ ಕುರ್ಚಿಯ ಬಳಿ ಇಳಿಯುತ್ತಿತ್ತು.

ಕಾರ್ಖಾನೆಯಲ್ಲಿ ಪುಡಿ ತುಂಬಿ ಪೊಟ್ಟಣದ ಬಾಯಿ ಮುಚ್ಚುವ ನಾಲ್ಕು ಮಶಿನ್ನುಗಳಿದ್ದವು. ನಾಲ್ಕಕ್ಕೂ ಒಬ್ಬೊಬ್ಬ ಮೆಕ್ಯಾನಿಕ್. ಕಾಕಾ ಬೆಳಿಗ್ಗೆ ಬಂದವನೇ ತನ್ನ ಮಶಿನ್ನಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಐದು ನಿಮಿಷ ನಿಲ್ಲುತ್ತಿದ್ದ. ಬಾಣಂತಿ ತನ್ನ ಮಗು ಅತ್ತಿತೇನೋ ಎಂದು ಕೇಳುವ ಹಾಗೆ. ಎಲ್ಲೋ ಒಂದು ತಿರುಪು ಬಿಗಿ ಮಾಡಿ, ಒಂದು ಹನಿ ಎಣ್ಣೆ ಬಿಟ್ಟು, ಸ್ಟೂಲಿನ ಮೇಲೆ ಕೂರುತ್ತಿದ್ದ. ಅಷ್ಟೇ. ಆಮೇಲೆ ದಿನವಿಡೀ ಮೆಣಸಿನಪುಡಿಗೆ ಸೀನುವುದನ್ನು ಬಿಟ್ಟರೆ ಆತ ಮಾಡುವ ಬೇರೆ ಕೆಲಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಾನು ಓದಿಕೊಂಡು ಬಂದಿದ್ದೆನಲ್ಲ, ಸುಮ್ಮನಿರಲಾದೀತೇ? ಕೆಲಸಗಾರನ ಕಣ್ಣ ಮುಂದೆ ಬಹುಮಾನ ತೂಗುಬಿಡಿ, ಕೆಲಸ ತಾನಾಗಿ ಏರುತ್ತದೆ ಎಂದು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ಪಡೆದವಳು. ಯೋಜನೆಯೊಂದನ್ನು ತಯಾರಿಸಿದೆ. ಕೆಟ್ಟ ಮಶಿನ್ ರಿಪೇರಿ ಮಾಡಿದಾಗಲೆಲ್ಲ ಆ ಮೆಕ್ಯಾನಿಕ್‌ಗೆ ಒಂದು ಕೂಪನ್, ಕೂಪನ್ ಕೂಡಿಸಿದರೆ ಸ್ಟೀಲ್ ಪಾತ್ರೆ. ತಿಂಗಳ ಕೊನೆಗೆ ಹೆಸರುಗಳು ನೋಟಿಸ್ ಬೋರ್ಡಿನ ಮೇಲೆ. ಮ್ಯಾನೇಜರು ಮೆಚ್ಚಿ ಸಹಿ ಹಾಕಿದರು.

ಅಬ್ಬಾ, ಎಂಥ ಉತ್ಸಾಹ! ಹಿಂದೆ ವಾರಕ್ಕೊಮ್ಮೆ ಓಡಿಬರುತ್ತಿದ್ದ ಮೆಕ್ಯಾನಿಕ್‌ಗಳು ಈಗ ದಿನಕ್ಕೆ ಮೂರು ಸಲ ತಿರುಪು ಬಿಗಿಯುವ ಪಾನಾ ಹಿಡಿದು ಓಡಿದರು. ಎರಡನೇ ಮಶಿನ್ನಿನ ಗಾಯಕವಾಡನ ಮನೆಯಲ್ಲಿ ಇಪ್ಪತ್ತು ದಿನದಲ್ಲಿ ಕುಕ್ಕರ್, ಹಿಟ್ಟು ನಾದುವ ಪರಾತ, ಆರು ಡಬ್ಬಿಗಳ ಸೆಟ್ಟು! ಇನ್ನೊಂದು ತಿಂಗಳು ಬಿಟ್ಟಿದ್ದರೆ ಆತ ಮಗಳ ಮದುವೆಯ ಪಾತ್ರೆಯನ್ನೂ ಕೂಡಿಸುತ್ತಿದ್ದ. ಇಷ್ಟೊಂದು ರಿಪೇರಿ ಯಾಕೆ ಬೇಕಾಗುತ್ತಿದೆ ಎಂದು ಯಾರಾದರೂ ಕೇಳಿದರೇ? ಕೇಳಬೇಕಾದವಳು ನಾನು. ನಾನು ರಿಪೇರಿಗಳ ಗ್ರಾಫ್ ಬರೆಯುವುದರಲ್ಲಿ ಮುಳುಗಿದ್ದೆ. ಗ್ರಾಫ್ ಕೆಳಗಿಂದ ಮೇಲಕ್ಕೆ ಹೋಗುತ್ತಿತ್ತು. ಎಷ್ಟು ಚೆಂದ!

ಕಾಕಾನ ಹೆಸರಿನ ಮುಂದೆ ಮಾತ್ರ ಸೊನ್ನೆ.

"ಮೇಡಂ, ಯೇ ಆದ್ಮೀ ಕರ್ತಾ ಕ್ಯಾ ಹೈ?" ಈ ಮನುಷ್ಯ ಮಾಡುವುದಾದರೂ ಏನು ಎಂದರು ಮ್ಯಾನೇಜರು. ನಿಮ್ಮ ಸಂಬಂಧಿ ಎಂದು ಸುಮ್ಮನಿರುವ ಹಾಗಿಲ್ಲ, ಮೆಮೋ ಕೊಡಿ, ಮುಂದಿನ ತಿಂಗಳೂ ಹೀಗೇ ಆದರೆ ಮನೆಗೆ ಕಳಿಸಿ ಎಂದೂ ಸೇರಿಸಿದರು.

ಐವತ್ಮೂರು ದಾಟಿದವನಿಗೆ ತುರ್ಭೆಯಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ? ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಸಂಬಂಧಿಕನಿಗೊಂದು ನ್ಯಾಯ, ಉಳಿದವರಿಗೊಂದು ನ್ಯಾಯ ಎಂಬ ಮಾತು ಬರಬಾರದಲ್ಲ? ನನ್ನ ಪರೀಕ್ಷೆಯ ಆರು ತಿಂಗಳೂ ಮುಗಿಯುತ್ತ ಬಂದಿದ್ದವು ಎಂಬುದನ್ನೂ ಮುಚ್ಚಿಡುವುದಿಲ್ಲ.

"ಬರ್ರಿ, ಕೂಡ್ರಿ," ಎಂದೆ ಕ್ಯಾಬಿನ್ನಿನಲ್ಲಿ.

"ಕೂಡಂಗಿಲ್ರಿ ಮೇಡಂ. ಎಣ್ಣಿ ಅರಬಿ ಅದಾವ, ಕುರ್ಚಿ ಹೊಲಸಾಕ್ಕೈತಿ."

"ನಿಮ್ಮ ಕೆಲಸ ಕಡಿಮಿ ಐತಿ ಅಂತ ಮೆಮೋ. ಹೇಳೂದೇನರ ಐತೇನ್ರಿ?"

"ಏನಿಲ್ರಿ." ಕೈಯನ್ನು ಎರಡು ಸಲ ಒರೆಸಿಕೊಂಡು ಕಾಗದ ತೆಗೆದುಕೊಂಡ. ಮಡಚಲಿಲ್ಲ. ಹಾಗೇ ಹಿಡಿದುಕೊಂಡು ಹೋದ. ಸಂಜೆ ಗಾಡಿಯಲ್ಲೂ ಆ ವಿಷಯ ಎತ್ತಲಿಲ್ಲ. ಐರೋಳಿ ಬಂತು, ಠಾಣೆ ಬಂತು. ಡೊಂಬಿವಲಿಯಲ್ಲಿ ಜನ ನುಗ್ಗಿದಾಗ "ಏ ಹುಡುಗಿ, ಚೀಲ ಎದಿಗೆ ಹಿಡ್ಕೊ" ಎಂದದ್ದೊಂದೇ ಮಾತು.

ಮರುದಿನದಿಂದ ಆತನಿಗೆ ಮೂರು ದಿನ ರಜೆ. ಸೊಲ್ಲಾಪುರದಲ್ಲಿ ಆತನ ಹೆಂಡತಿ ಕಾಕುವಿನ ಅಕ್ಕನ ಮಗಳ ಮದುವೆ, ಮೊದಲೇ ಮಂಜೂರಾದದ್ದು. ಆತ ಹೋದ ಎರಡನೇ ದಿನ ಆತನ ಮಶಿನ್ ಪೊಟ್ಟಣಗಳ ಬಾಯಿ ಮುಚ್ಚುವುದನ್ನೇ ಬಿಟ್ಟು, ಅರಿಶಿನಪುಡಿಯನ್ನು ಜಾತ್ರೆಯ ಭಂಡಾರದಂತೆ ಎರಚತೊಡಗಿತು. ಪರಿಶೀಲನೆಗೆ ಬಂದ ಮ್ಯಾನೇಜರು ಮದುಮಗನ ಹಾಗೆ ಹಳದಿಯಾಗಿ ಹೊರಬಂದರು! ಮೂರು ಜನ ಮೆಕ್ಯಾನಿಕ್‌ಗಳು ಕೂಡಿದರೂ ಅದು ಬಗ್ಗಲಿಲ್ಲ.

ಹಳೆಯ ರಿಜಿಸ್ಟರ್ ತೆಗೆದು ನೋಡಿದೆ. ಆ ಮಶಿನ್ ಹಿಂದೆ ಯಾವಾಗ ನಿಂತಿತ್ತು? ಪುಟ ತಿರುವಿದಷ್ಟೂ ಇಲ್ಲ.

ನಿಲ್ಲದ ಮಶಿನ್ನಿಗೆ ಕೂಪನ್ ಎಲ್ಲಿಂದ ಬರಬೇಕು ಎಂದು ಗಾಯಕವಾಡ ನಕ್ಕ. "ಮೇಡಂ, ಉನ್ಕಾ ಮಶಿನ್ ಬಂದ್ ಹೀ ನಹೀಂ ಹೋತಾ. ಕೂಪನ್ ಕಹಾಂ ಸೇ ಮಿಲೇಗಾ?"

"ಔರ್ ಆಪ್ಕಾ?" ಮತ್ತೆ ನಿಮ್ಮದು ಎಂದೆ.

ಆತ ನಗು ನಿಲ್ಲಿಸಿದ. ಬೆಳಿಗ್ಗೆ ಸಡಿಲಿಸಿದ ತಿರುಪನ್ನು ಮಧ್ಯಾಹ್ನ ಬಿಗಿ ಮಾಡಿದರೂ ಅದು ರಿಪೇರಿಯೇ ಅಲ್ಲವೇ? ನಾಲ್ಕು ಪುಟದ ಉತ್ತರದಲ್ಲಿ ನಾನು ಇದನ್ನು ಬರೆದಿರಲಿಲ್ಲ. ಮಶಿನ್ ಕೆಡದಂತೆ ನೋಡಿಕೊಂಡವನಿಗೆ ಸೊನ್ನೆ, ಕೆಡಿಸಿದವನಿಗೆ ಕುಕ್ಕರ್. ಇದು ನಾನು ತಂದ ಸುಧಾರಣೆ! ಮ್ಯಾನೇಜರಿಗೆ ರಿಜಿಸ್ಟರ್ ತೋರಿಸಿ, ತಪ್ಪು ನನ್ನದು ಎಂದೆ. ಕೂಪನ್ ನಿಂತಿತು. ನನ್ನ ಪರೀಕ್ಷೆಯ ಅವಧಿ ಇನ್ನೂ ಮೂರು ತಿಂಗಳು ಬೆಳೆಯಿತು. ಮೆಮೋ ರದ್ದು ಮಾಡಿದ ಪತ್ರಕ್ಕೆ ಮ್ಯಾನೇಜರೇ ಸಹಿ ಮಾಡಿ ಕೊಟ್ಟರು.

ಕಾಕಾ ಸೊಲ್ಲಾಪುರದಿಂದ ಮರಳಿದ ಭಾನುವಾರ ಮಧ್ಯಾಹ್ನ ಆ ಪತ್ರ ಹಿಡಿದು ಚಾಳಿನಲ್ಲಿದ್ದ ಆತನ ಖೋಲಿಗೆ ಹೋದೆ. ಹಳೆಯ ಮೆಮೋ ಇಸಿದುಕೊಂಡು ಹರಿದುಹಾಕುವುದು ನನ್ನ ಉದ್ದೇಶ. ಅದನ್ನು ಹುಡುಕಬೇಕಾಗಿರಲಿಲ್ಲ. ಗೋಡೆಯ ಮೇಲಿತ್ತು! ಗಾಜು, ಕಟ್ಟಿಗೆಯ ಚೌಕಟ್ಟು, ಮೂಲೆಯಲ್ಲಿ ಕಾಕು ಹಚ್ಚಿದ ಕುಂಕುಮ.

"ಕಾಕಾ! ಇದರಾಗ ಏನ್ ಬರದೈತಿ ಗೊತ್ತೈತೇನು?"

"ಗೊತ್ತೈತಿ. ಸೂಪರ್‌ವೈಸರ್ ಕಡೆ ಓದಿಸೀನಿ. ಕೆಲಸ ಬರಂಗಿಲ್ಲ, ಮನಿಗೆ ಕಳಸ್ತೀವಿ ಅಂತೈತಿ."

"ಅದನ್ನ ಯಾರರ ಗೋಡಿಗೆ ಹಾಕ್ತಾರ? ತಗಿ, ಹರೀತೀನಿ."

"ಕೈ ಹಚ್ಚಬ್ಯಾಡ." ಆತ ಎದ್ದು ನಿಂತ. ಗಾಜಿನ ಕೆಳತುದಿಯಲ್ಲಿ, ನನ್ನ ಸಹಿಯ ಕೆಳಗೆ, ಟೈಪಾಗಿದ್ದ ನಮ್ಮ ಅಡ್ಡಹೆಸರಿನ ಮೇಲೆ ಬೆರಳಿಟ್ಟ. "ಈ ಹೆಸರಿನ ಮ್ಯಾಲೆ ನಿಮ್ಮಜ್ಜ ಹೆಬ್ಬೆಟ್ಟು ಒತ್ತಿದ. ನಿಮ್ಮಪ್ಪ ಒತ್ತಿದ. ಪಗಾರ ತಗೊಳ್ಳುವಾಗ ನಾನೂ ಒತ್ತೀನಿ. ನಮ್ಮನ್ಯಾಗ ಪೆನ್ನಿಲೆ ಬರದಾಕಿ ನೀನ ಮೊದಲ. ಮ್ಯಾಲೆ ಏನರ ಇರಲಿ, ನಾ ಕೆಳಗಿಂದಷ್ಟ ನೋಡ್ತೀನಿ."

ಕೈಯಲ್ಲಿದ್ದ ಹೊಸ ಪತ್ರ ಮುಂದೆ ಚಾಚಿದೆ. "ನಿನ್ನ ಕೆಲಸ ಉಳೀತು ಕಾಕಾ. ಇದನ್ನ ಇಟ್ಕೊ."

ಆತ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಳಗೆ ಬಹಳ ಹೊತ್ತು ಹುಡುಕಿದ.

"ಇದರಾಗ ನಿನ್ನ ಸಹಿ ಎಲ್ಲೈತಿ?"

"ಇಲ್ಲ. ಇದು ಮ್ಯಾನೇಜರ್ರದು."

"ಹಂಗಾರ ನೀನ ಇಟ್ಕೊಳ್ಳವಾ," ಎಂದು ನನ್ನ ಕೈಗೇ ವಾಪಸು ಕೊಟ್ಟ.